ಹಿತ್ತಲಲ್ಲಿ ಎಡಿಯು: ಊರಿನ ನಿಯಮ ನಡೆಯುತ್ತೋ, ಕ್ಯಾಲಿಫೋರ್ನಿಯಾ ಕಾನೂನು ನಡೆಯುತ್ತೋ?

ಹಿತ್ತಲಮನೆ:
ಸೌತ್ ಬೇ ಕಡೆಯ ಊರು. 6,000 ಚದರ ಅಡಿ ಸೈಟು, 1,650 ಚದರ ಅಡಿ ಮನೆ, ಬೇರೆಯಾಗಿ ನಿಂತಿರೋ 400 ಚದರ ಅಡಿ ಗರಾಜು. ಅಪ್ಪ ಅಮ್ಮ ಬಂದಾಗ ಅವರಿಗೆ, ಉಳಿದ ಸಮಯ ಬಾಡಿಗೆಗೆ ಅಂತ ಹಿತ್ತಲಲ್ಲಿ 800 ಚದರ ಅಡಿಯ ಎಡಿಯು (ಆಕ್ಸೆಸರಿ ಡ್ವೆಲಿಂಗ್ ಯುನಿಟ್, ಅಂದರೆ ಅದೇ ಸೈಟಿನಲ್ಲಿ ಇನ್ನೊಂದು ಚಿಕ್ಕ ಮನೆ) ಕಟ್ಟಿಸೋ ಪ್ಲಾನ್. ಹಿಂದೆ ಮತ್ತು ಪಕ್ಕದಲ್ಲಿ 4 ಅಡಿ ಬಿಟ್ಟಿದೀವಿ, ಎತ್ತರ 15 ಅಡಿ. ಊರಿನ ಪ್ಲಾನಿಂಗ್ ಇಲಾಖೆಯವರ ಆಕ್ಷೇಪಣೆ ಐದು: ಲಾಟ್ ಕವರೇಜ್ (ಸೈಟಿನಲ್ಲಿ ಕಟ್ಟಡಗಳು ಆವರಿಸೋ ಪಾಲು) ಶೇ 40 ದಾಟುತ್ತೆ, ಹಿಂದೆ 10 ಅಡಿ ಬಿಡಬೇಕು, ಒಂದು ಕಾರ್ ಪಾರ್ಕಿಂಗ್ ಬೇಕು, ಚಾವಣಿ ಮತ್ತು ಗೋಡೆ ದೊಡ್ಡ ಮನೆಗೆ ಹೊಂದಬೇಕು, ಮಾಲೀಕರು ಅಲ್ಲೇ ವಾಸ ಇರ್ತೀವಂತ ಡೀಡ್ ಬರೆದುಕೊಡಬೇಕು. ಇದರಲ್ಲಿ ಯಾವುದಕ್ಕೆ ಬಗ್ಗಬೇಕು, ಯಾವುದಕ್ಕೆ ಬೇಡ?

ಪ್ಲಾನ್_ಚೆಕ್:
ಐದರಲ್ಲಿ ಒಂದಕ್ಕೂ ಬಗ್ಗಬೇಕಿಲ್ಲ, ಆದರೆ ಅರ್ಜಿಯಲ್ಲಿ ಯಾವ ದಾರಿಯಲ್ಲಿ ಬರ್ತಿದೀರಿ ಅಂತ ಸ್ಪಷ್ಟ ಬರೆದಿರಬೇಕು. ಎಡಿಯು ಕಾನೂನು ಈಗ ಗವರ್ನಮೆಂಟ್ ಕೋಡ್ 66310ರಿಂದ ಶುರುವಾಗುತ್ತೆ. 2024ರಲ್ಲಿ ನಂಬರ್ ಬದಲಾಯ್ತು. ನಿಮ್ಮ ಊರಿನ ಫಾರಂನಲ್ಲಿ ಇನ್ನೂ ಹಳೇ 65852.2 ಇದ್ದರೆ ಅವರ ಆರ್ಡಿನೆನ್ಸೂ ಹಳೇದು ಅಂತ ಅನುಮಾನಪಡಬಹುದು.

ಇದರೊಳಗೆ ಎರಡು ದಾರಿ. 66314ರ ದಾರಿಯಲ್ಲಿ ಊರಿನ ವಿನ್ಯಾಸ ನಿಯಮಗಳು ಸ್ವಲ್ಪ ಮಟ್ಟಿಗೆ ಅನ್ವಯಿಸುತ್ತವೆ. 66323ರ ದಾರಿಯಲ್ಲಿ ಊರು "ಆಗಲ್ಲ" ಅನ್ನೋ ಹಾಗೇ ಇಲ್ಲ: ಹೊಸದಾಗಿ ಬೇರೆ ಕಟ್ಟೋ ಎಡಿಯು 800 ಚದರ ಅಡಿಯೊಳಗೆ, 16 ಅಡಿ ಎತ್ತರದೊಳಗೆ, ಪಕ್ಕ ಮತ್ತು ಹಿಂದೆ 4 ಅಡಿ ಬಿಟ್ಟಿದ್ದರೆ ಒಪ್ಪಲೇಬೇಕು. ಆ ಸೆಕ್ಷನ್‌ನಲ್ಲೇ ಇಲ್ಲದ ಅಳತೆ ಅಥವಾ ವಿನ್ಯಾಸದ ಷರತ್ತನ್ನ ಮೇಲಿಂದ ಹೇರೋ ಹಾಗಿಲ್ಲ. ಲಾಟ್ ಕವರೇಜ್, 10 ಅಡಿ ಸೆಟ್‌ಬ್ಯಾಕ್, ಪಾರ್ಕಿಂಗ್, ಚಾವಣಿ ಹೊಂದಾಣಿಕೆ, ನಾಲ್ಕೂ ಅಲ್ಲಿಗೆ ಮುಗೀತು. ಮಾಲೀಕರ ವಾಸದ ಷರತ್ತನ್ನ ಎಡಿಯುಗೆ ಹಾಕಬಾರದು ಅನ್ನೋದನ್ನ ಎಬಿ 976 ಅನ್ನೋ ರಾಜ್ಯದ ಶಾಸನ ಕಾಯಂ ಮಾಡಿದೆ. (ಮನೆಯೊಳಗೇ ಮಾಡೋ 500 ಚದರ ಅಡಿಯ ಜೂನಿಯರ್ ಎಡಿಯು ಕಥೆ ಬೇರೆ.)

ಕವರ್ ಲೆಟರ್‌ನಲ್ಲಿ ಒಂದೇ ಸಾಲು ಸಾಕು: "ಈ ಅರ್ಜಿ 66323(ಎ)(2)ರ ಅಡಿ." 801 ಚದರ ಅಡಿ ಆದರೆ ಈ ರಕ್ಷಣೆ ಹೋಯ್ತು. ಬಾಡಿಗೆ 30 ದಿನಕ್ಕಿಂತ ಹೆಚ್ಚಿನ ಅವಧಿಗೆ ಮಾತ್ರ, ಏರ್‌ಬಿಎನ್‌ಬಿ ಆಸೆ ಬಿಡಿ.

ಇನ್ನೊಂದು, 800 ಯಾಕೆ? 749ಕ್ಕೆ ಇಳಿಸಿದರೆ ಇಂಪ್ಯಾಕ್ಟ್ ಫೀ (ಹೊಸ ಕಟ್ಟಡದಿಂದ ಊರಿನ ಸೌಲಭ್ಯಗಳ ಮೇಲೆ ಬೀಳೋ ಹೊರೆಗೆ ಹಾಕೋ ಶುಲ್ಕ) ಪೂರ್ತಿ ಮಾಫಿ. 800 ಇದ್ದರೆ ದೊಡ್ಡ ಮನೆಯ ಅನುಪಾತದಲ್ಲಿ ಹಾಕಬಹುದು, ನಿಮ್ಮ ಲೆಕ್ಕಕ್ಕೆ 800/1650, ಹತ್ತಿರಹತ್ತಿರ ಶೇ 48. ಒಂದು ಕ್ಲಾಸೆಟ್ ಜಾಗಕ್ಕೋಸ್ಕರ ಅಷ್ಟು ಕೊಡೋದು ದಂಡ. ಶಾಲೆ ಫೀ ಬೇರೆ ಲೆಕ್ಕ, ಅದು 500 ದಾಟಿದರೆ ಬರುತ್ತೆ.

ಗಾರೆ_ಕೆಲಸ:
ಮೇಲಿನವರು ಹೇಳಿದ್ದು ಸರಿ, ಆದರೆ ಅದು ಝೋನಿಂಗ್ (ಸೈಟಿನಲ್ಲಿ ಏನು, ಎಲ್ಲಿ, ಎಷ್ಟು ಕಟ್ಟಬಹುದು ಅನ್ನೋ ನಿಯಮ) ಮಾತ್ರ. ಬಿಲ್ಡಿಂಗ್ ಕೋಡನ್ನ ಎಡಿಯು ಕಾನೂನು ಮುಟ್ಟಲ್ಲ. ಜನ ಗೆದ್ದೆ ಅಂದ್ಕೊಂಡು ಸಿಕ್ಕಿಹಾಕಿಕೊಳ್ಳೋದು ಅಲ್ಲೇ.

ಮೊದಲು ಆ "10 ಅಡಿ" ಎಲ್ಲಿಂದ ಬಂತು ನೋಡಿ. ಸೆಟ್‌ಬ್ಯಾಕ್ ಆಗಿದ್ದರೆ ರಾಜ್ಯದ ಕಾನೂನು ಅದನ್ನ ಹೊಡೆದುಹಾಕುತ್ತೆ. ಯುಟಿಲಿಟಿ ಈಸ್‌ಮೆಂಟ್ (ಕರೆಂಟ್, ಪೈಪಿನವರ ಬಳಕೆಗೆ ಬಿಟ್ಟಿರೋ ಪಟ್ಟಿ) ಆಗಿದ್ದರೆ ಇಲ್ಲ, ಅದು ಆಸ್ತಿ ಪತ್ರದಲ್ಲಿರೋ ಹಕ್ಕು. ಮನೆ ಕೊಂಡಾಗಿನ ಪ್ರಿಲಿಮಿನರಿ ಟೈಟಲ್ ರಿಪೋರ್ಟ್ ಮತ್ತು ಟ್ರ್ಯಾಕ್ಟ್ ಮ್ಯಾಪ್ ತೆಗೆದು ನೋಡಿ. ಹಿಂದಿನ ಬೇಲಿ ಗುಂಟ ಕರೆಂಟ್ ಕಂಬ ಇದ್ದರೆ ಬಹುತೇಕ ಇರುತ್ತೆ.

4 ಅಡಿಯಲ್ಲಿ ಗೋಡೆ ಬಂದರೆ, ಸ್ಪ್ರಿಂಕ್ಲರ್ ಇಲ್ಲದ ಮನೆಗೆ ಆ ಗೋಡೆ ಒಂದು ಗಂಟೆ ಬೆಂಕಿ ತಡೆಯೋ ಥರದ್ದಾಗಬೇಕು, ಕಿಟಕಿ ಬಾಗಿಲು ಸೇರಿ ಗೋಡೆಯ ಶೇ 25 ಮೀರಬಾರದು. ಎರಡು ಬೆಡ್‌ರೂಮಿನ ಕಿಟಕಿಯೂ ಅದೇ ಗೋಡೆಗೆ ಬಂದರೆ ಲೆಕ್ಕ ತಪ್ಪುತ್ತೆ. 5 ಅಡಿಗೆ ಸರಿಸಿದರೆ ಎರಡು ರಗಳೆಯೂ ಇಲ್ಲ. ಗರಾಜು ಕಡೆಗೂ ಇದೇ ಲೆಕ್ಕ: ಎರಡು ಕಟ್ಟಡದ ನಡುವೆ ಗಡಿ ಗೆರೆ ಇದೆ ಅಂತ ಊಹಿಸಿ ಅಳೀತಾರೆ, ಆದ್ದರಿಂದ ನಡುವೆ 10 ಅಡಿ ಸಿಕ್ಕರೆ ನಿಶ್ಚಿಂತೆ.

ಚರಂಡಿ: ಪೈಪಿಗೆ ಅಡಿಗೆ ಕಾಲು ಇಂಚು ಇಳಿಜಾರು. ಹಿತ್ತಲಿಂದ ರಸ್ತೆ ಕಡೆಗೆ 90 ಅಡಿ ಅಂದರೆ 22.5 ಇಂಚು ಇಳೀಬೇಕು. ಮುಂದಿನ ಹಳೇ ಪೈಪು ಅಷ್ಟು ಆಳದಲ್ಲಿ ಇಲ್ಲದಿದ್ದರೆ ಕೊಳಚೆ ಮೇಲೆತ್ತೋ ಎಜೆಕ್ಟರ್ ಪಂಪ್ ಹಾಕ್ಬೇಕು. ಪ್ಲಾನ್ ಬರೆಸೋಕೆ ಮೊದಲೇ ಕ್ಲೀನ್‌ಔಟ್ (ಚರಂಡಿ ಪೈಪಿನ ಮುಚ್ಚಳ) ತೆಗೆದು ಆಳ ಅಳೆಸಿ. ಮುಖ್ಯ ಪ್ಯಾನೆಲ್ 100 ಆಂಪ್ಸ್ ಆದರೆ ಹೀಟ್ ಪಂಪ್ ಮತ್ತು ಇಂಡಕ್ಷನ್ ಒಲೆ ಸೇರಿದಾಗ 200ಕ್ಕೆ ಏರಿಸೋದು ಹೆಚ್ಚುಕಮ್ಮಿ ಖಚಿತ. ಹೊಸ ಬೇರೆ ಕಟ್ಟಡಕ್ಕೆ ಸಾಮಾನ್ಯವಾಗಿ ಸೋಲಾರ್ ಕೂಡ ಬೇಕು. ಗರಾಜನ್ನೇ ಎಡಿಯು ಮಾಡಿದರೆ ಸೋಲಾರ್ ಬೇಡ, ಹೋದ ಪಾರ್ಕಿಂಗನ್ನ ಮತ್ತೆ ಕಟ್ಟಿಕೊಡೋದೂ ಬೇಡ.

ಕರಾವಳಿ_ಕೂಪರ್ಟಿನೋ:
ಎಲ್ಲರೂ ಊರಿನವರನ್ನ ಖಳನಾಯಕ ಮಾಡ್ತೀರಲ್ಲ ಮಾರಾಯ್ರೇ. ರಾಜಧಾನಿ ಸ್ಯಾಕ್ರಮೆಂಟೋದಲ್ಲಿ ಕೂತವರಿಗೆ ಗುಡ್ಡದ ಮೇಲಿನ ಒಂದೇ ಕಾರು ಹೋಗೋ ರಸ್ತೆ ಗೊತ್ತಾ? ಕಾಡ್ಗಿಚ್ಚು ಬಂದಾಗ ಆ ರಸ್ತೆಯಲ್ಲಿ ಜನರನ್ನ ಹೊರಗೆ ಕಳಿಸೋದು ಊರಿನ ಹೊಣೆ. 66314ರ ದಾರಿಯಲ್ಲಿ ನೀರು, ಒಳಚರಂಡಿ, ಸಂಚಾರ, ಸುರಕ್ಷತೆ ನೋಡಿ ಎಡಿಯು ಎಲ್ಲಿ ಬೇಕು ಅಂತ ಊರು ಗುರುತಿಸಬಹುದು. 66323ರ 800 ಅಡಿಗೆ ಅದೂ ಇಲ್ಲ.

ಹಾಗಂತ ಊರುಗಳು ಇದನ್ನ ತಾವೇ ತಂದುಕೊಂಡವು ಅನ್ನೋದೂ ನಿಜ. 1982ರಿಂದ ರಾಜ್ಯದ ಕಾನೂನು ಇದೆ, ಆದರೂ ಭಾರಿ ಸೈಟ್ ಅಳತೆ, ಸಾರ್ವಜನಿಕ ವಿಚಾರಣೆ ಅಂತ ಬಾಗಿಲು ಹಾಕಿದ್ದರು. 2003ರಿಂದ ವಿಚಾರಣೆ ಹೋಯ್ತು, 2017ರಲ್ಲಿ ಪಾರ್ಕಿಂಗ್ ಸಡಿಲ ಆಯ್ತು, 2020ರಲ್ಲಿ ಈ 800–16–4. ಒಂದೊಂದು ತಿದ್ದುಪಡಿಯ ಹಿಂದೆಯೂ ಊರುಗಳು ಕಂಡುಕೊಂಡ ಒಂದು ಸಂದು ಇದೆ. 2023ರಲ್ಲಿ ಹಂಟಿಂಗ್ಟನ್ ಬೀಚ್ ಎಡಿಯು ಅರ್ಜಿಗಳನ್ನೇ ತಗೊಳ್ಳೋದು ನಿಲ್ಲಿಸಿ ರಾಜ್ಯದಿಂದ ಕೇಸು ಹಾಕಿಸಿಕೊಂಡಿತು. ವುಡ್‌ಸೈಡ್‌ನವರು 2022ರಲ್ಲಿ ಇಡೀ ಊರೇ ಮೌಂಟನ್ ಲಯನ್ ವಾಸಸ್ಥಾನ ಅಂದಿದ್ದು ಎಸ್‌ಬಿ 9ರ (ಸೈಟನ್ನ ಎರಡು ಮಾಡಿ ಹೆಚ್ಚು ಮನೆ ಕಟ್ಟೋಕೆ ಬಿಡೋ ಕಾನೂನು) ವಿಷಯ, ಎಡಿಯು ಅಲ್ಲ, ಆದರೆ ಬುದ್ಧಿ ಅದೇ.

ಊರಿನ ಕೈಯಲ್ಲಿ ಇನ್ನೂ ಇರೋದು ಎಡಿಯು ಬೇರೆ ಮಾರೋ ವಿಷಯ. ಎಬಿ 1033 ಪ್ರಕಾರ ಕಾಂಡೋ ಥರ ಮಾರೋಕೆ ಬಿಡೋದು ಬಿಡದಿರೋದು ಊರಿನ ಇಷ್ಟ. ಸ್ಯಾನ್ ಹೋಸೆ 2024ರಲ್ಲಿ ಮೊದಲು ಒಪ್ಪಿಕೊಂಡಿತು.

ಹಿತ್ತಲಮನೆ:
ಟೈಟಲ್ ರಿಪೋರ್ಟ್ ನೋಡಿದೆ. ಹಿಂದೆ 5 ಅಡಿ ಯುಟಿಲಿಟಿ ಈಸ್‌ಮೆಂಟ್ ಇದೆ, 10 ಅಲ್ಲ. ಉಳಿದದ್ದಕ್ಕೆ ಅವರು ಬಗ್ಗದಿದ್ದರೆ? ಪ್ರಾಪರ್ಟಿ ಟ್ಯಾಕ್ಸ್ ಇಡೀ ಮನೆಗೆ ಹೊಸದಾಗಿ ಹಾಕ್ತಾರಾ?

ಪ್ಲಾನ್_ಚೆಕ್:
ಟ್ಯಾಕ್ಸ್ ಹೊಸ ಕಟ್ಟಡದ ಮೌಲ್ಯಕ್ಕೆ ಮಾತ್ರ. ಪ್ರಾಪ್ 13ರ (ಆಸ್ತಿ ತೆರಿಗೆ ಏರಿಕೆಗೆ ಮಿತಿ ಹಾಕೋ ರಾಜ್ಯದ ಕಾನೂನು) ಪ್ರಕಾರ ಹಳೇ ಮನೆಯ ಬೇಸ್ ಮೌಲ್ಯ ಹಾಗೇ ಇರುತ್ತೆ, ಹೊಸದಕ್ಕೆ ಸಪ್ಲಿಮೆಂಟಲ್ ಬಿಲ್ ಬೇರೆ ಬರುತ್ತೆ.

ಬಗ್ಗದಿದ್ದರೆ ಕೌಂಟರ್‌ನಲ್ಲಿ ವಾದ ಮಾಡಬೇಡಿ. ಪ್ರತಿ ಆಕ್ಷೇಪಣೆಗೂ ಸೆಕ್ಷನ್ ನಂಬರ್ ಹಾಕಿ ಇಮೇಲ್‌ನಲ್ಲಿ ಉತ್ತರ ಕೊಡಿ. ಅರ್ಜಿ ಪೂರ್ತಿ ಆದ ದಿನದಿಂದ 60 ದಿನದಲ್ಲಿ ಒಪ್ಪಬೇಕು, ಇಲ್ಲವೇ ಏನು ತಪ್ಪು, ಹೇಗೆ ಸರಿಮಾಡೋದು ಅಂತ ಪೂರ್ತಿ ಪಟ್ಟಿ ಲಿಖಿತವಾಗಿ ಕೊಡಬೇಕು. ಎರಡೂ ಮಾಡದಿದ್ದರೆ ಒಪ್ಪಿದ ಹಾಗೆ. ನೀವೇ ಸಮಯ ಕೇಳಿದರೆ ಗಡಿಯಾರ ನಿಲ್ಲುತ್ತೆ, ಸುಮ್ಮನೆ ಕೇಳಬೇಡಿ. ಆ ಪತ್ರವ್ಯವಹಾರ ಸೇರಿಸಿ ರಾಜ್ಯದ ವಸತಿ ಇಲಾಖೆಗೆ (ಎಚ್‌ಸಿಡಿ) ದೂರು ಕಳಿಸಿ. ಅವರು ನಿಮಗೆ ಪರ್ಮಿಟ್ ಕೊಡಲ್ಲ, ಊರಿಗೆ ಪತ್ರ ಬರೀತಾರೆ. ಅದೂ ನಾಟದಿದ್ದರೆ ಅಟಾರ್ನಿ ಜನರಲ್‌ಗೆ ತಿಳಿಸ್ತಾರೆ. ಆರ್ಡಿನೆನ್ಸೇ ಕಾನೂನಿಗೆ ವಿರುದ್ಧ ಇದ್ದರೆ ಅದು ಅನೂರ್ಜಿತ, ರಾಜ್ಯದ ನಿಯಮಗಳಷ್ಟೇ ಉಳೀತವೆ.

ಗಾರೆ_ಕೆಲಸ:
5 ಅಡಿ ಈಸ್‌ಮೆಂಟ್ ಅಂದ್ರೆ ಗೋಡೆ ಸರಿಯಾಗಿ 5ಕ್ಕೆ ಇಡಬೇಡಿ. ಫೂಟಿಂಗ್ (ಗೋಡೆ ಕೆಳಗಿನ ಅಗಲವಾದ ತಳಪಾಯ) ಗೋಡೆಯಿಂದ ಆಚೆ ಚಾಚುತ್ತೆ, ಸೂರಿನ ಅಂಚೂ ಚಾಚುತ್ತೆ, ಎರಡೂ ಈಸ್‌ಮೆಂಟ್ ಒಳಗೆ ಬರಬಾರದು. ಸೂರು 12 ಇಂಚು ಆದರೆ ಗೋಡೆ ಗಡಿಯಿಂದ 6 ಅಡಿ ದೂರಕ್ಕೆ ಬರುತ್ತೆ. ಫೈರ್ ರೇಟಿಂಗ್ ಬೇಡ, ಆ ಕಡೆ ಕಿಟಕಿ ಎಷ್ಟಾದರೂ ಇಡಿ. ಫೌಂಡೇಶನ್ ಇನ್‌ಸ್ಪೆಕ್ಷನ್‌ಗೆ ಮೊದಲು ಸರ್ವೇಯರ್ ಕರೆಸಿ ಗಡಿಗೆ ಗೂಟ ಹೊಡೆಸಿ, ಬೇಲಿ ನಂಬಿ ಅಳೀಬೇಡಿ.