ಸೂರ್ಯ ಮುಳುಗುವ ಮುನ್ನ ಜಗಳ ಮುಗಿಯಲೇಬೇಕೆ?

ಪ್ರಶ್ನೆ (ಉಡುಪಿ)

ನನ್ನ ಪತಿ ದುಬೈಯಲ್ಲಿದ್ದಾರೆ. ಪಾಳಿ ಮುಗಿಸಿ ಅವರು ರಾತ್ರಿ 10 ಗಂಟೆಗೆ ಫೋನ್ ಮಾಡುವಾಗ ಇಲ್ಲಿ ಹನ್ನೊಂದೂವರೆ. ಮಾತಿಗೆ ಮಾತು ಬೆಳೆದರೆ, ಸೂರ್ಯ ಮುಳುಗುವ ಮುಂಚೆ ಸಿಟ್ಟು ತೀರಬೇಕೆಂಬ ಬೈಬಲಿನ ಎಫೆಸ ಪತ್ರದ 4:26ನ್ನು ಮುಂದಿಟ್ಟು, ಎಲ್ಲವೂ ಅಂದೇ ಇತ್ಯರ್ಥವಾಗದೆ ಫೋನ್ ಇಡಲು ಅವರು ಬಿಡುವುದಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಮಗನ ಬುತ್ತಿ ಕಟ್ಟಬೇಕಾದ ನಾನು, ಒಂದು ಗಂಟೆಯ ಹೊತ್ತಿಗೆ, ಮನಸ್ಸು ಒಪ್ಪದಿದ್ದರೂ "ಆಯಿತು, ತಪ್ಪು ನನ್ನದೇ" ಎಂದುಬಿಡುತ್ತೇನೆ. ಕಳೆದ ವಾರ ಅತ್ತೆಯ ಕಣ್ಣಿನ ಶಸ್ತ್ರಚಿಕಿತ್ಸೆಯ ಹಣದ ವಿಷಯದಲ್ಲೂ ಹೀಗೆಯೇ ಆಯಿತು. ನಾಳೆ ಮಾತಾಡೋಣ ಎನ್ನುವುದು ದೇವರ ವಾಕ್ಯಕ್ಕೆ ವಿರುದ್ಧವೇ?

ಉತ್ತರ 1 (ಬಲ್ಮಠ, ಮಂಗಳೂರು)

ವಿರುದ್ಧವಲ್ಲ. ಅದೇ ವಚನದಲ್ಲಿರುವ, ಕೋಪಗೊಂಡರೂ ಪಾಪ ಮಾಡಬೇಡಿ ಎಂಬ ಮಾತನ್ನು ಆ ಪತ್ರ ಬರೆದ ಪೌಲನು 4ನೇ ಕೀರ್ತನೆಯ 4ನೇ ವಚನದಿಂದ ತೆಗೆದುಕೊಂಡಿದ್ದಾನೆ. ಆ ವಚನವನ್ನು ಪೂರ್ತಿ ಓದಿದರೆ, ಹಾಸಿಗೆಯ ಮೇಲೆ ಮನಸ್ಸಿನೊಳಗೇ ಆಲೋಚಿಸಿ ಸುಮ್ಮನಿರಿ ಎಂದೂ ಇದೆ. ತೀರಬೇಕಾದದ್ದು ಸಿಟ್ಟು, ಶಸ್ತ್ರಚಿಕಿತ್ಸೆಯ ಲೆಕ್ಕ ಅದೇ ರಾತ್ರಿ ತೀರಬೇಕೆಂದು ಎಲ್ಲಿಯೂ ಹೇಳಿಲ್ಲ. ಆದರೆ ಎಫೆಸ ಪತ್ರದ ಅದೇ ಅಧ್ಯಾಯದ 25ನೇ ವಚನವನ್ನು ನೀವೂ ನೋಡಬೇಕು. ಸುಳ್ಳನ್ನು ಬಿಟ್ಟು ನಿಜವನ್ನೇ ಆಡಿ ಎಂದು ಹೇಳಿದ ಮೇಲೆಯೇ ಪೌಲನು ಸಿಟ್ಟಿನ ಮಾತಿಗೆ ಬರುತ್ತಾನೆ. ಕಠಿಣವೆನಿಸಿದರೆ ಕ್ಷಮಿಸಿ, ನಿಮ್ಮ "ತಪ್ಪು ನನ್ನದೇ" ಆ ವಚನದೆದುರು ನಿಲ್ಲುವುದಿಲ್ಲ.

ಉತ್ತರ 2 (ಕಲ್ಯಾಣಪುರ)

ನಾನು ಕುವೈತಿನಲ್ಲಿ 9 ವರ್ಷ ಇದ್ದು ಬಂದವನು. ನಮ್ಮಲ್ಲಿ ಕಥೆ ತಿರುವುಮುರುವು. "ನಾಳೆ" ಎನ್ನುತ್ತಿದ್ದವನು ನಾನು, ಆ ನಾಳೆ ಮೂರು ವಾರವಾದರೂ ಬರುತ್ತಿರಲಿಲ್ಲ. ನಿಮ್ಮ ಪತಿಗೂ ಅದೇ ಭಯವಿರಬಹುದು. ಆದ್ದರಿಂದ ಬರೀ ನಾಳೆ ಎನ್ನದೆ ಗಂಟೆಯನ್ನೂ ಹೇಳಿ. ನಮ್ಮದು ಶುಕ್ರವಾರ ಅಲ್ಲಿಯ ಹತ್ತು, ಇಲ್ಲಿಯ ಹನ್ನೆರಡೂವರೆ. ಹೆಂಡತಿ ಮೀನಿನ ಸಾರು ಇಳಿಸಿ ಕುಳಿತುಕೊಳ್ಳುತ್ತಿದ್ದಳು. ಜಗಳ ಅರ್ಧದಲ್ಲಿದ್ದರೂ ರಾತ್ರಿ ಫೋನಿನಲ್ಲೇ "ಆಮ್ಚ್ಯಾ ಬಾಪಾ" (ಯೇಸು ಕಲಿಸಿದ ಪ್ರಾರ್ಥನೆ, ಕೊಂಕಣಿಯಲ್ಲಿ) ಹೇಳಿ ಮಲಗುತ್ತಿದ್ದೆವು. ನಾವು ಕ್ಷಮಿಸುವಂತೆ ನಮ್ಮನ್ನೂ ಕ್ಷಮಿಸು ಎನ್ನುವಲ್ಲಿ ಇಬ್ಬರಲ್ಲೊಬ್ಬರ ಸ್ವರ ತಗ್ಗುತ್ತಿತ್ತು, ಹೆಚ್ಚಾಗಿ ನನ್ನದೇ.

ಪ್ರಶ್ನೆ ಕೇಳಿದವರು

ಕೀರ್ತನೆಯ ವಚನವನ್ನು ಅವರಿಗೆ ಕಳುಹಿಸಿದೆ. "ಓದಿದೆ" ಎಂದಷ್ಟೇ ಉತ್ತರ ಬಂತು. ಹಣದ ವಿಷಯವನ್ನು ಭಾನುವಾರ ಆರಾಧನೆ ಮುಗಿಸಿ ಬಂದು, ಇಲ್ಲಿಯ ಹನ್ನೆರಡಕ್ಕೆ ಮಾತಾಡುವುದೆಂದು ಒಪ್ಪಿದ್ದಾರೆ. ಅಂದು ರಾತ್ರಿ ನಾನು ಒಪ್ಪಿಕೊಂಡದ್ದು ಬರೀ ನಿದ್ದೆಗಾಗಿ ಎಂದು ಹೇಳುವುದು ಮಾತ್ರ ಇನ್ನೂ ಬಾಕಿ ಇದೆ.