ಗುರುವಾರದ ಬಜೆಟ್ ಸಭೆಗೆ ಯಾರ್ಯಾರು ಬರ್ತೀರಿ?

ಭಾನುವಾರ

ಅಡ್ಮಿನ್ (ಬಡಾವಣೆ ಸಂಘದ ಕಾರ್ಯದರ್ಶಿ), ಬೆಳಗ್ಗೆ 8.10
ಎಲ್ಲರಿಗೂ ನಮಸ್ಕಾರ. ಬರುವ ಗುರುವಾರ ಬೆಳಗ್ಗೆ 11ಕ್ಕೆ ನಗರಸಭೆ ಸಭಾಂಗಣದಲ್ಲಿ ಬಜೆಟ್ ಪೂರ್ವಭಾವಿ ಸಭೆ ಇದೆ. ಪೇಪರಿನ ಒಳಪುಟದಲ್ಲಿ ನಾಲ್ಕೇ ಸಾಲು ಹಾಕಿದ್ದಾರೆ, ಕಣ್ಣಿಗೆ ಬಿದ್ದದ್ದೇ ಪುಣ್ಯ. ಸಾರ್ವಜನಿಕರು ಸಲಹೆ ಕೊಡಬಹುದಂತೆ. ಪಾರ್ಕಿಗೆ ವಾಕಿಂಗ್ ಪಾತ್, ಓಪನ್ ಜಿಮ್, ಒಂದು ಹೈಮಾಸ್ಟ್ ದೀಪ ಕೇಳೋಣ ಅಂತ ಕಮಿಟಿ ಅಭಿಪ್ರಾಯ. ಬೇರೆ ಏನಾದರೂ ಇದ್ದರೆ ಇಲ್ಲೇ ಹಾಕಿ.

ವೆಂಕಟೇಶ್, ಮೇನ್ ರೋಡ್, 8.12
ಶುಭೋದಯ. ಭಾನುವಾರದ ಶುಭಾಶಯಗಳು.

ಗೀತಾ, 4ನೇ ಕ್ರಾಸ್, 8.40
ಜಿಮ್ ಬೇಡ ಅನ್ನಲ್ಲ. ಆದರೆ ಚಿತ್ತಾ ಮಳೇಲಿ ನಮ್ಮ ಕ್ರಾಸ್ ತುದೀಲಿ ಏನಾಗಿತ್ತು ಅಂತ ಎಲ್ಲರಿಗೂ ಮರೆತೇ ಹೋಯ್ತಾ? ಮೋರಿ ಉಕ್ಕಿ ಗೇಟಿನ ತನಕ ನೀರು ಬಂದಿತ್ತು. ನಮ್ಮದಾದ್ರೂ ಗೇಟು. ಕೆಳಗೆ ಆಶ್ರಯ ಮನೆಗಳಲ್ಲಿ ಅಡುಗೆಮನೆಗೇ ನುಗ್ಗಿತ್ತು. ನಮ್ಮನೆಗೆ ಕೆಲಸಕ್ಕೆ ಬರೋ ಅಕ್ಕ ಮೂರು ದಿನ ಬರಲಿಲ್ಲ. ನಾನು ಸುಮ್ಮನೆ ರಜಾ ಹಾಕಿದಾಳೆ ಅಂದ್ಕೊಂಡು ಸಿಟ್ಟು ಮಾಡ್ಕೊಂಡಿದ್ದೆ.

ಮಂಜಣ್ಣ ಅಂಗಡಿ, 8.55
ಹೋದ್ ವರ್ಷ ನಾನ್ ಹೋಗಿದ್ದೆ ಅಕ್ಕ ಆ ಸಭೆಗೆ. ಟೀ ಬಿಸ್ಕತ್ತು ಚೆನ್ನಾಗಿತ್ತು. ಮೈಕ್ ಮುಂದಿನ್ ಸಾಲ್ ಬಿಟ್ಟು ಹಿಂದಕ್ಕೆ ಬರ್ಲೇ ಇಲ್ಲ. ನಾನ್ ಎದ್ ನಿಂತು ಕೂಗಿ ಹೇಳ್ದೆ. 'ನೋಟ್ ಮಾಡ್ಕೊಳ್ರೀ' ಅಂದ್ರು. ಯಾರ್ ನೋಟ್ ಮಾಡ್ಕೊಂಡ್ರೋ ಮಾದಪ್ಪನಿಗೇ ಗೊತ್ತು.

ಕಿರಣ್ (ಬಾಡಿಗೆ, 2ನೇ ಕ್ರಾಸ್), 9.20
ಇದಕ್ಕೆಲ್ಲ ವಾರ್ಡ್ ಸಮಿತಿ ಅಂತ ಇರಬೇಕಲ್ವಾ? ಬೆಂಗಳೂರಲ್ಲಿದ್ದಾಗ ಒಂದೆರಡು ಮೀಟಿಂಗಿಗೆ ಹೋಗಿದ್ದೆ. ನಮ್ಮಲ್ಲಿ ಯಾಕಿಲ್ಲ?

ರಾಮಣ್ಣ ಸರ್ (ನಿವೃತ್ತ ಲೆಕ್ಕಾಧಿಕಾರಿ), 10.05
ಕಿರಣ್, ಸಂವಿಧಾನದ 243ಎಸ್ ವಿಧಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರೋದು 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆ ಇರೋ ಊರುಗಳಿಗೆ. 74ನೇ ತಿದ್ದುಪಡಿ, 1993ರಲ್ಲಿ ಜಾರಿಗೆ ಬಂತು. ನಮ್ಮೂರು ಆ ಲೆಕ್ಕಕ್ಕೆ ಬರಲ್ಲ. ನಮ್ಮಂಥವರ ಪಾಲಿಗೆ ಇರೋ ಬಾಗಿಲು ಈ ಬಜೆಟ್ ಪೂರ್ವಭಾವಿ ಸಭೆ. 2006ರ ಲೆಕ್ಕಪತ್ರ ಮತ್ತು ಬಜೆಟ್ ನಿಯಮಾವಳಿಯಲ್ಲಿ ಜನರ ಜೊತೆ ಸಮಾಲೋಚನೆ ಮಾಡಬೇಕು ಅಂತಿದೆ. ಅವರು ಉಪಕಾರಕ್ಕೆ ಕರೀತಿಲ್ಲ, ಕರೀಲೇಬೇಕು.

ಇನ್ನೊಂದು ಊರಿನ ನಗರಸಭೆಯಲ್ಲಿ ಈ ಸಭೆಯ ನಡಾವಳಿ ನಾನೇ ಬರೀತಿದ್ದೆ, ಅದಕ್ಕೇ ಮಂಜಣ್ಣನಿಗೆ ಹೇಳ್ತೀನಿ. ಬಾಯಲ್ಲಿ ಹೇಳಿದ್ದು 'ಸಾರ್ವಜನಿಕರು ಮೂಲಸೌಕರ್ಯ ಒದಗಿಸುವಂತೆ ಕೋರಿದರು' ಅನ್ನೋ ಒಂದು ಸಾಲಾಗಿಬಿಡುತ್ತೆ. ಐವತ್ತು ಜನರ ಕಷ್ಟ, ಒಂದೇ ಸಾಲು. ಬರೆದು ಕೊಟ್ಟು, ನಗರಸಭೆ ಟಪಾಲು ವಿಭಾಗದಲ್ಲಿ ಸೀಲು ಹಾಕಿಸಿ, ಸ್ವೀಕೃತಿ ಸಂಖ್ಯೆ ತಗೊಂಡದ್ದು ಮಾತ್ರ ಕಡತಕ್ಕೆ ಹೋಗುತ್ತೆ.

ಅಡ್ಮಿನ್, 10.15
ಹಾಗಾದರೆ ಜಿಮ್, ಪಾತ್, ದೀಪ, ಮೋರಿ, ಎಲ್ಲಾ ಸೇರಿಸಿ ಒಂದು ಮನವಿ ಟೈಪ್ ಮಾಡಿಸ್ತೀನಿ.

ರಾಮಣ್ಣ ಸರ್, 10.31
ಬೇಡ ಸರ್. ಎಲ್ಲಾ ಸೇರಿಸಿದ್ರೆ ಅವರಿಗೆ ಸುಲಭವಾದದ್ದು ಆರಿಸ್ಕೋತಾರೆ. ದೀಪ ಹಾಕಿ ಫೋಟೊ ಹಿಡಿಸಿದ್ರೆ ಮುಗೀತು. ಒಂದೇ ಕೇಳಿ. ಎಷ್ಟು ಮೀಟರ್, ಎಲ್ಲಿಂದ ಎಲ್ಲಿಗೆ, ಯಾವ ಲೆಕ್ಕಶೀರ್ಷಿಕೆಯಲ್ಲಿ (ಅಂದ್ರೆ ಬಜೆಟ್ಟಿನ ಯಾವ ಬಾಬ್ತಿನಲ್ಲಿ) ದುಡ್ಡು, ಅಷ್ಟೂ ಬರೀರಿ.

ದುಡ್ಡಿನ ವಿಷಯ ಬಹಳ ಜನಕ್ಕೆ ತಿಳಿಯದು. ಖಜಾನೇಲಿರೋದೆಲ್ಲ ಮನಸ್ಸಿಗೆ ಬಂದ ಹಾಗೆ ಖರ್ಚು ಮಾಡೋ ಹಣ ಅಲ್ಲ. ನಾನು ನಿವೃತ್ತನಾಗೋ ಹೊತ್ತಿಗೆ 15ನೇ ಹಣಕಾಸು ಆಯೋಗದ ಅನುದಾನ ಬರ್ತಿತ್ತು. ಅದರಲ್ಲಿ ನೂರಕ್ಕೆ 60 ಭಾಗ ಕುಡಿಯೋ ನೀರು, ನೈರ್ಮಲ್ಯ, ಕಸ ವಿಲೇವಾರಿಗೇ ಬದ್ಧ. ಇನ್ನು ನಗರಸಭೆಯ ಸ್ವಂತ ನಿಧೀಲಿ ಶೇ 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25 ಇತರ ಬಡವರಿಗೆ, ಶೇ 5 ವಿಶೇಷಚೇತನರಿಗೆ ಅಂತ ಮೀಸಲು. ಓಪನ್ ಜಿಮ್ ಮಿಕ್ಕಿದ್ದರಲ್ಲಿ ಬರಬೇಕು. ಕೆಳಗಿನ ಕಾಲೊನಿ ಚರಂಡಿಯಾದ್ರೆ ಕೇಳೋಕೆ ದಾರಿ ಇದೆ.

ಶೈಲಜಾ, 3ನೇ ಕ್ರಾಸ್, 11.02
ಅಣ್ಣ ಪುಣೆಯಲ್ಲಿದ್ದಾನೆ. ಅಲ್ಲಿ 2006ರಿಂದ ಜನರೇ ತಮ್ಮ ಏರಿಯಾಗೆ ಏನು ಬೇಕು ಅಂತ ಅರ್ಜಿ ತುಂಬಿ ಕೊಡ್ತಾರಂತೆ, ಬಸ್ ಸ್ಟಾಪು, ಫುಟ್‌ಪಾತು, ಬೆಂಚು ಇಂಥವು. ಕೊನೇಲಿ ಮಾಡೋದು ಬಿಡೋದು ಅವರಿಗೇ ಬಿಟ್ಟದ್ದು. ಆದ್ರೂ ಕಾಗದದಲ್ಲಿ ಇರುತ್ತಲ್ಲ ಅಂತಾನೆ.

ಅಧ್ಯಕ್ಷರು (ನಮ್ಮ ಸಂಘ), 12.30
ನಮ್ಮದು ತೆರಿಗೆ ಕಟ್ಟೋ ಬಡಾವಣೆ. ನಮ್ಮ ಬೇಡಿಕೆ ಮೊದಲು ನೋಡಬೇಕು. ಕೆಳಗಿನವರದ್ದು ಅವರ ಸದಸ್ಯರು ನೋಡ್ಕೋತಾರೆ.

ಗೀತಾ, 12.34
ಸರ್, ಅವರ ಮನೆಗೆ ಹೋಗೋ ನೀರು ನಮ್ಮ ಮೋರಿದು.

ಸೋಮವಾರ

ರಾಮಣ್ಣ ಸರ್, ಸಂಜೆ 6.50
ಕಿರಣ್, ಗೀತಾ, ನಾನು ಟೇಪ್ ಹಿಡ್ಕೊಂಡು 4ನೇ ಕ್ರಾಸ್ ಪೂರ್ತಿ ನಡೆದ್ವಿ. ಮೇಲ್ಗಡೆ ಮೋರಿ 2 ಅಡಿ ಅಗಲ. ತುದೀಲಿ ರಸ್ತೆ ದಾಟೋ ಕಡೆ ಹಾಕಿರೋ ಸಿಮೆಂಟ್ ಪೈಪು 1 ಅಡಿ. ಅಷ್ಟು ನೀರು ಇಷ್ಟರಲ್ಲಿ ಹೋಗು ಅಂದ್ರೆ ಎಲ್ಲಿ ಹೋಗುತ್ತೆ? ಇದು ನಗರಸಭೆ ಮಾಡಬೇಕಾದ ಕೆಲಸ.

ಇನ್ನೊಂದು ನಾವು ಮಾಡಬೇಕಾದ್ದು. ಮೋರಿ ಮೇಲೆ ಕಾರು ಹತ್ತಿಸೋಕೆ ಕಾಂಕ್ರೀಟ್ ರ‍್ಯಾಂಪ್ ಹಾಕಿರೋ ಮನೆ 14. ಅದರಲ್ಲಿ 9ಕ್ಕೆ ಹೂಳು ತೆಗೆಯೋಕೆ ಒಂದು ಕಿಂಡಿಯೂ ಇಲ್ಲ. ಪೌರಕಾರ್ಮಿಕರು ಏನ್ ಮಾಡ್ಬೇಕು, ಸಲಾಕೆ ಹಿಡ್ಕೊಂಡು ಒಳಗೆ ತೆವಳ್ಬೇಕಾ?

ಮಂಜಣ್ಣ ಅಂಗಡಿ, 6.58
9ರಲ್ಲಿ ನನ್ ಅಂಗಡೀದೂ ಒಂದು ಸಾರ್. ಒಪ್ಕೋತೀನಿ. ಚಪ್ಪಡಿ ಹಾಕ್ಸಿ ಬಿಡ್ತೀನಿ, ಎತ್ತೋ ಹಂಗೆ.

ಅಧ್ಯಕ್ಷರು, 7.20
ಗುಂಪಿನಲ್ಲಿ ಹೀಗೆ ಮನೆ ಲೆಕ್ಕ ಹಾಕೋದು ಸರಿಯಲ್ಲ. ಏನಿದ್ದರೂ ಕಮಿಟಿಯಲ್ಲಿ ಮಾತಾಡಿ.

ವೆಂಕಟೇಶ್, ಮೇನ್ ರೋಡ್, 7.21
ಶುಭ ಸಂಜೆ.

ಕಿರಣ್, 7.45
ಮನೆ ನಂಬರ್ ಯಾರೂ ಹಾಕಿಲ್ಲ ಸರ್. ನಾನು ಬಾಡಿಗೆದಾರ, ಸಂಘದ ಸದಸ್ಯನೂ ಅಲ್ಲ, ಆದ್ರೂ ಒಂದು ಮಾತು. ಈ ಗುಂಪಲ್ಲಿ 86 ಜನ ಇದ್ದೀವಿ. ಕೆಳಗಿನ ಕಾಲೊನಿಯವರು ಒಬ್ಬರೂ ಇಲ್ಲ. ನಾವು 'ಜನರ ಅಭಿಪ್ರಾಯ' ಅಂತ ಕಳಿಸ್ತಿರೋದು ಯಾರ ಅಭಿಪ್ರಾಯ? ನಗರಸಭೆ ನಮ್ಮನ್ನ ಕೇಳಲ್ಲ ಅಂತ ಬೈತೀವಿ, ನಾವು ಅವರನ್ನ ಕೇಳಿದ್ವಾ?

ಮಂಗಳವಾರ

ಗೀತಾ, ರಾತ್ರಿ 8.30
ಶೈಲಜಾ, ನಾನು ಕಾಲೊನಿ ಅಂಗನವಾಡಿ ಹತ್ರ ಹೋಗಿದ್ವಿ. ಹದಿನೈದು ಹೆಂಗಸರು ಸೇರಿದ್ರು. ನಾವು ಮೋರಿ ಮೋರಿ ಅಂದ್ಕೊಂಡು ಹೋದ್ರೆ ಅವರು ಮೊದಲು ಹೇಳಿದ್ದು ಬೇರೇನೇ. ನಲ್ಲಿ ಪೈಪು ಮೋರಿ ಒಳಗಿಂದಾನೇ ಹೋಗಿದೆಯಂತೆ. ಮಳೆ ಬಂದ ಮಾರನೇ ದಿನ ನೀರು ವಾಸನೆ. ಮಕ್ಕಳಿಗೆ ವಾಂತಿ ಭೇದಿ. ಇದು ನಮ್ಮ ಪಟ್ಟೀಲೇ ಇರಲಿಲ್ಲ. ಇರೋಕೆ ಸಾಧ್ಯಾನೂ ಇರಲಿಲ್ಲ, ನಮ್ಮನೇಲಿ ಫಿಲ್ಟರ್ ಇದೆ.

ಸಭೆಗೆ ಬನ್ನಿ ಅಂದ್ರೆ 'ಗುರುವಾರ ಹನ್ನೊಂದು ಗಂಟೆಗಾ? ಆವತ್ತಿನ ಕೂಲಿ ನೀವ್ ಕೊಡ್ತೀರಾ ಅಮ್ಮ?' ಅಂದ್ರು. ಏನು ಹೇಳೋದು ತೋಚಲಿಲ್ಲ. ಇಬ್ಬರು ಬರ್ತೀವಿ ಅಂದಿದ್ದಾರೆ, ಸ್ವಸಹಾಯ ಸಂಘದವರು.

ರಾಮಣ್ಣ ಸರ್, 8.52
ನೈರ್ಮಲ್ಯದ ಬಾಬ್ತಿಗೆ ಮಾತ್ರ ಅಲ್ಲ, ಕುಡಿಯೋ ನೀರಿನ ಬಾಬ್ತಿಗೂ ಬಂತು ಹಾಗಾದ್ರೆ. ಮನವಿ ತಿದ್ದಿದ್ದೀನಿ. ಒಂದೇ ಪುಟ. ಒಂದು, ರಸ್ತೆ ದಾಟೋ ಪೈಪು ತೆಗೆದು ಅಗಲದ ಮೋರಿ. ಎರಡು, ಕಾಲೊನಿ ನಲ್ಲಿ ಪೈಪು ಮೋರಿಯಿಂದ ಹೊರಗೆ. ಎರಡೂ ಒಂದೇ ಕಡೆ ಅಗೆಯೋ ಕೆಲಸ. ಕೊನೇಲಿ ಇನ್ನೊಂದು ಸಾಲು ಸೇರಿಸಿದ್ದೀನಿ: ಮುಂದಿನ ಪೂರ್ವಭಾವಿ ಸಭೆಯನ್ನು ಸಂಜೆ 6ರ ಮೇಲೆ, ವಾರ್ಡಿನಲ್ಲೇ ನಡೆಸಿ. ಸಹಿಗೆ ಬುಧವಾರ ಮಂಜಣ್ಣನ ಅಂಗಡೀಲಿ ಇಟ್ಟಿರ್ತೀನಿ. ಸಹಿ ಬರದವರು ಹೆಬ್ಬೆಟ್ಟು ಒತ್ತಿದ್ರೂ ನಡೆಯುತ್ತೆ.

ಅಡ್ಮಿನ್, 9.10
ಜಿಮ್ ಬಿಟ್ಟುಬಿಡೋದಾ?

ಶೈಲಜಾ, 9.11
ಈ ವರ್ಷ ಮನೆ ಮೆಟ್ಟಿಲು ಹತ್ತಿ ಇಳೀರಿ ಸರ್.

ಗುರುವಾರ

ಗೀತಾ, ಮಧ್ಯಾಹ್ನ 2.15
ಮುಗೀತು. ನಾವು ಏಳು ಜನ, ಕಾಲೊನಿಯಿಂದ ಇಬ್ಬರು. ಟಪಾಲಿನವರು ಮೊದಲು 'ಸಭೇಲೇ ಕೊಡಿ' ಅಂದ್ರು. ರಾಮಣ್ಣ ಸರ್ ಅಲ್ಲೇ ಬೆಂಚಲ್ಲಿ ಕೂತ್ಬಿಟ್ರು. ಸೀಲು ಬಿತ್ತು. 118 ಸಹಿ.

ಮೈಕ್ ಮತ್ತೆ ಮುಂದಿನ ಸಾಲಲ್ಲೇ ಸುತ್ತುತ್ತಿತ್ತು. ಮಂಜಣ್ಣ ಹೋಗಿ ಕೈಯಿಂದ ಇಸ್ಕೊಂಡು ಕಾಲೊನಿಯ ಅಕ್ಕನಿಗೆ ಕೊಟ್ರು. ಅವರು ಭಾಷಣ ಮಾಡಲಿಲ್ಲ. ಬಾಟಲೀಲಿ ನಲ್ಲಿ ನೀರು ತಂದಿದ್ರು, ಮೇಜಿನ ಮೇಲೆ ಇಟ್ಟು 'ಇದು ನಾವ್ ಕುಡಿಯೋ ನೀರು ಸಾ' ಅಂದ್ರು ಅಷ್ಟೆ. ಪೌರಾಯುಕ್ತರು ಬಜೆಟ್ಟಿಗೆ ಸೇರಿಸ್ತೀವಿ ಅಂತೇನೂ ಹೇಳಲಿಲ್ಲ. ಕಿರಿಯ ಎಂಜಿನಿಯರ್‌ನ ಕರೆದು, ಸ್ಥಳ ನೋಡಿ ಅಂದಾಜುಪಟ್ಟಿ ಮಾಡಿ ಅಂದ್ರು. ಶನಿವಾರ ಬೆಳಗ್ಗೆ 7.30ಕ್ಕೆ ಬರ್ತಾರಂತೆ.

ರಾಮಣ್ಣ ಸರ್, 2.40
ಸ್ವೀಕೃತಿ ಸಂಖ್ಯೆ ಪಿನ್ ಮಾಡಿ. ಬಜೆಟ್ ಮಂಡನೆ ಆದ ಮೇಲೆ ಅದರಲ್ಲಿ ಈ ಕೆಲಸ ಇಲ್ಲದಿದ್ರೆ ಮಾಹಿತಿ ಹಕ್ಕಿನಲ್ಲಿ ಕೇಳೋಣ. 10 ರೂಪಾಯಿ ಪೋಸ್ಟಲ್ ಆರ್ಡರ್, ಒಂದೇ ವಿಷಯ, 150 ಪದದೊಳಗೆ. ಉತ್ತರಕ್ಕೆ 30 ದಿನ.

ಕಿರಣ್, 2.44
ಶನಿವಾರ 4ನೇ ಕ್ರಾಸಿನವರು ದಯವಿಟ್ಟು ರ‍್ಯಾಂಪ್ ಮೇಲಿಂದ ಕಾರು ತೆಗೀರಿ. ಅಳತೆ ಮಾಡೋಕೆ ಆಗಲ್ಲ.

ಅಧ್ಯಕ್ಷರು, 3.30
ನಮ್ಮ ಕಾರಿನ ಕೀ ಮಗನ ಹತ್ತಿರ ಇದೆ. ಅವನು ಶುಕ್ರವಾರ ರಾತ್ರಿ ಬಸ್ಸಿಗೆ ಬರುತ್ತಾನೆ. ತೆಗೆಸುತ್ತೇನೆ.