ಸೀನನ ತೂಕವೂ ತಾರೀಖಿನ ತಕರಾರೂ

ನವರಾತ್ರಿ ಬೊಂಬೆ ನೋಡೋಕೆ ಅಂತ ಸೀನನ ಮನೆಗೆ ಹೋದ ನಾವು ಬೊಂಬೆಗಿಂತ ಹೆಚ್ಚು ಹೊತ್ತು ನೋಡಿದ್ದು ಅವನ ಲ್ಯಾಪ್‌ಟಾಪನ್ನ. ಮಾರನೇ ದಿನ ಡಾಕ್ಟರಿಗೆ ತೋರಿಸಬೇಕಾದ, ಎಕ್ಸೆಲ್‌ನಲ್ಲಿ ಮಾಡಿದ ತೂಕದ ಚಾರ್ಟು ಅದರಲ್ಲಿತ್ತು.

"ನೋಡ್ರೋ, ಎಷ್ಟು ದೂರ ಇಳ್ಕೊಂಡು ಹೋಗಿದೆ! ಕೊನೇಲಿ ಒಂದ್ಸಲ ಎದ್ದಿದೆ ಅಷ್ಟೆ. ನಿನ್ನೆ ನೀರು ಜಾಸ್ತಿ ಕುಡಿದಿದ್ದೆ."

"ಆರು ಕೆಜಿ ನೀರಾ?" ಅಂದೆ.

ನಾಗೇಶ ಬ್ಯಾಂಕಲ್ಲಿ ಮೂವತ್ತು ವರ್ಷ ಲೆಕ್ಕ ನೋಡಿದವನು. ಕನ್ನಡಕ ಮೂಗಿನ ತುದಿಗೆ ಇಳಿಸಿದ. "ಜನವರಿ 2ಕ್ಕೂ 3ಕ್ಕೂ ಒಂದು ಬೆರಳು ಜಾಗ. ಸಂಕ್ರಾಂತಿಗೂ ಯುಗಾದಿಗೂ ಅದೇ ಒಂದು ಬೆರಳು. ಯುಗಾದಿಯಿಂದ ನಿನ್ನೆಗೂ ಒಂದೇ ಬೆರಳು. ಆರು ತಿಂಗಳು ಎಲ್ಲಿಗೆ ಹೋಯ್ತೋ?"

"ಆಗ ತೂಕ ನೋಡಿಲ್ಲ ಕಣೋ."

"ಅದಿರಲಿ, ಯುಗಾದಿ ದಿನ ನೀನು ಸೊನ್ನೆ ಕೆಜಿ ಇದ್ಯಲ್ಲ?"

ನಿಜ. ಗೆರೆ ಅಲ್ಲಿ ಬಾವಿಗೆ ಬಿದ್ದ ಕೊಡದ ಹಾಗೆ ತಳಕ್ಕೆ ಹೋಗಿ ಮತ್ತೆ ಮೇಲೆ ಬಂದಿತ್ತು. ನೋಡಿದರೆ, ಎಕ್ಸೆಲ್ ಹಾಳೆಯ ಆ ಮನೆಯಲ್ಲಿ (ಅದೇ, ಸೆಲ್‌ನಲ್ಲಿ) ಸೀನ ತೂಕದ ಬದಲು 'ಬ್ಯಾಟರಿ ಮುಗಿದಿದೆ' ಅಂತ ಬರೆದಿದ್ದ. ಅಂಕಿ ಇರಬೇಕಾದ ಕಡೆ ಅಕ್ಷರ ಕಂಡರೆ ಎಕ್ಸೆಲ್ ಚಾರ್ಟಲ್ಲಿ ಅದನ್ನ ಸೊನ್ನೆ ಅಂತಲೇ ಬಿಡಿಸುತ್ತೆ. ಅಳಿಸಿದ್ವಿ. ಈಗ ಅಲ್ಲಿ ಗೆರೆ ಕಡಿದು, ಕೊನೆಯ 88.8 ಒಂಟಿಯಾಯ್ತು. ಚುಕ್ಕಿ ಗುರುತು ಇಲ್ಲದ ಬರೀ ಗೆರೆಯ ಚಾರ್ಟಲ್ಲಿ ಒಂಟಿ ಅಂಕಿ ಕಾಣೋದೇ ಇಲ್ಲ. ನಿನ್ನೆಯ ತೂಕ ಪೂರ್ತಿ ಮಾಯ!

"ಇದು ಚೆನ್ನಾಗಿದೆ. ಇಷ್ಟಕ್ಕೇ ಬಿಡ್ರಪ್ಪ" ಅಂದ ಸೀನ.

ನಾಗೇಶ ಬಿಡೋ ಆಸಾಮಿಯಲ್ಲ. ತಾರೀಖಿನ ಕಾಲಮ್ಮನ್ನ ಅಗಲ ಮಾಡಿದ. ಹನ್ನೊಂದು ತಾರೀಖು ಬಲಗಡೆಗೆ ಒರಗಿದ್ವು, ನಾಲ್ಕು ಎಡಗಡೆಗೆ. "ಬಲಕ್ಕೆ ಇರೋದು ಅದರ ಲೆಕ್ಕದಲ್ಲಿ ತಾರೀಖು. ಎಡಕ್ಕೆ ಇರೋದು ಬರೀ ಅಕ್ಷರ" ಅಂದವನು ಬಲಗಡೆಯ ಒಂದು ಮನೆಯನ್ನ ತಿಂಗಳ ಹೆಸರು ಕಾಣೋ ಹಾಗೆ ಬದಲಾಯಿಸಿದ. 12/01 ಅಂತ ಇದ್ದಿದ್ದು ಡಿಸೆಂಬರ್ 1, 2025 ಆಯ್ತು.

"ಸೀನ, ಇನ್ನೂ ಸೆಪ್ಟೆಂಬರ್ ಮುಗಿದಿಲ್ಲ. ಡಿಸೆಂಬರ್ ತೂಕ ಹೇಗೆ ನೋಡಿದೆ?"

ಲ್ಯಾಪ್‌ಟಾಪು ಅಮೆರಿಕದ ಪದ್ಧತಿಯಲ್ಲಿ ತಿಂಗಳು ಮೊದಲು ಓದ್ತಿತ್ತು. ಜನವರಿ 2ರಿಂದ 12ರವರೆಗಿನ ತೂಕವೆಲ್ಲ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ಪ್ರತಿ ತಿಂಗಳು ಒಂದನೇ ತಾರೀಖಿಗೆ, ಪೆನ್ಷನ್ ಬಂದ ಹಾಗೆ, ಹಂಚಿಹೋಗಿತ್ತು. 13ನೇ ತಿಂಗಳು ಸಿಗದೆ 13/01 ಅಕ್ಷರವಾಗಿ ಕೂತಿತ್ತು. ತಪ್ಪಿದ್ದು ತಾನೇ ಎಡಕ್ಕೆ ಸರಿದು ಸಿಕ್ಕಿಬೀಳುತ್ತೆ. ಸರಿಯಾಗಿ ಕಾಣೋದೇ ಮೋಸ ಮಾಡೋದು. ಲ್ಯಾಪ್‌ಟಾಪಿನ ರೀಜನ್ ಸೆಟ್ಟಿಂಗನ್ನ ಇಂಡಿಯಾಕ್ಕೆ ಬದಲಾಯಿಸಿದರೂ, ಆಗಲೇ ನುಂಗಿದ್ದನ್ನ ಅದು ಕಕ್ಕಲ್ಲ. ಇರೋದು ಹದಿನೈದು ಸಾಲು, ಸೀನನ ನೋಟ್‌ಬುಕ್ ನೋಡ್ಕೊಂಡು ಹೊಸದಾಗಿ ಟೈಪ್ ಮಾಡಿದೆ.

"ಎಕ್ಸೆಲ್‌ಗೆ ತಾರೀಖು ಅಂದ್ರೆ ಒಂದು ಅಂಕಿ ಕಣೋ" ಅಂತ ನಾಗೇಶ ಶುರು ಮಾಡಿದ. "1900ರ ಜನವರಿ 1 ಅಂದ್ರೆ 1. ಈ ಜನವರಿ 12 ಅಂದ್ರೆ 45669. ತಮಾಷೆ ಅಂದ್ರೆ 1900ರಲ್ಲಿ ಫೆಬ್ರವರಿ 29 ಇರಲೇ ಇಲ್ಲ, ಆದ್ರೂ ಎಕ್ಸೆಲ್ ಇತ್ತು ಅನ್ನತ್ತೆ. ಹಿಂದೆ ಲೋಟಸ್ 1-2-3 ಅನ್ನೋ ಹಳೇ ಸ್ಪ್ರೆಡ್‌ಶೀಟ್ ಮಾಡಿದ್ದ ತಪ್ಪನ್ನ ಹೊಂದಾಣಿಕೆಗೋಸ್ಕರ ಹಾಗೇ ಇಟ್ಕೊಂಡ್ರು."

"ಅಂಥೋರು ಇಲ್ಲದ ದಿನ ಸೇರಿಸಬಹುದು, ನಾನು ಇರೋ ದಿನ ಬಿಟ್ರೆ ತಪ್ಪಾ?"

ಉತ್ತರ ಹೊಳೀದೆ ಇಬ್ಬರೂ ಚಕ್ಕುಲಿ ಕಡಿದ್ವಿ.

ಆಮೇಲೆ ಕೆಳಗಿನ ಅಕ್ಷದ ಮೇಲೆ ರೈಟ್ ಕ್ಲಿಕ್, ಫಾರ್ಮ್ಯಾಟ್ ಆಕ್ಸಿಸ್. ಎಲ್ಲಕ್ಕೂ ಒಂದೇ ಬೆರಳು ಜಾಗ ಕೊಡೋ ಟೆಕ್ಸ್ಟ್ ಆಕ್ಸಿಸ್ ಇದ್ದಿದ್ದನ್ನ, ದಿನಗಳ ಅಂತರಕ್ಕೆ ತಕ್ಕ ಹಾಗೆ ಜಾಗ ಕೊಡೋ ಡೇಟ್ ಆಕ್ಸಿಸ್ ಮಾಡಿದ್ವಿ. ಸೀನ ನಡುವೆ ಕೈ ಹಾಕಿ ಯೂನಿಟ್ಟನ್ನ ತಿಂಗಳಿಗೆ ಇಟ್ಟ. ಜನವರಿಯ ಹದಿಮೂರೂ ತೂಕ ಒಂದೇ ಕಂಬದಲ್ಲಿ, ಒಣಗಿದ ಹಪ್ಪಳ ಪೇರಿಸಿದ ಹಾಗೆ ನಿಂತ್ವು. ವಾಪಸ್ ದಿನಕ್ಕೆ ತಂದ್ವಿ. ಬೆಳಿಗ್ಗೆ ಒಂದ್ಸಲ, ರಾತ್ರಿ ಒಂದ್ಸಲ ನೋಡಿದ್ದಿದ್ರೆ ಇದೂ ಸಾಲ್ತಿರಲಿಲ್ಲ, ಗಂಟೆ ಲೆಕ್ಕ ಡೇಟ್ ಆಕ್ಸಿಸ್‌ಗೆ ತಿಳಿಯಲ್ಲ, ಎರಡೂ ಅಕ್ಷವನ್ನ ಅಂಕಿಯಾಗಿ ಓದೋ ಸ್ಕ್ಯಾಟರ್ ಚಾರ್ಟೇ ಬೇಕು. ಸೀನನ ಉತ್ಸಾಹ ಅಷ್ಟು ದೂರ ಹೋಗಿರಲಿಲ್ಲ. ಕೊನೆಗೆ ಸೆಲೆಕ್ಟ್ ಡೇಟಾದೊಳಗೆ, ಖಾಲಿ ಮನೆ ಬಂದರೆ ಗೆರೆ ಎಳೆದು ಸೇರಿಸು ಅನ್ನೋದನ್ನ ಒತ್ತಿದ್ವಿ.

ಮಾಯವಾಗಿದ್ದ 88.8 ಪ್ರತ್ಯಕ್ಷವಾಯ್ತು. ಇಳಿದಿದ್ದೆಲ್ಲ ಎಡಮೂಲೆಯಲ್ಲಿ ಒಂದು ಪುಟ್ಟ ಗೀಟು. ಅಲ್ಲಿಂದ ಬಲತುದಿವರೆಗೆ ಚಾಮುಂಡಿ ಬೆಟ್ಟದ ಏರು.

ಸುಮಿತ್ರಾ ಕಾಫಿ ತಂದು ಇಣುಕಿದರು. "ರೀ, ಈ ಏರು ಎಲ್ಲಿಂದ ಶುರು?"

"ಜನವರಿ 14."

"ಎಳ್ಳು-ಬೆಲ್ಲದ ದಿನ."

ನಾಗೇಶ ಮೊಬೈಲಲ್ಲಿ ಗುಣಿಸಿ ಭಾಗಿಸಿದ. "256 ದಿನ, 6.4 ಕೆಜಿ. ದಿನಕ್ಕೆ 25 ಗ್ರಾಂ."

ಸೀನನ ಮುಖ ಅರಳಿತು. "ಬರೀ 25 ಗ್ರಾಂ! ಒಂದು ಚಕ್ಕುಲಿ ಅಷ್ಟೂ ಇಲ್ಲ, ಇದಕ್ಕೆ ಡಾಕ್ಟರ್ ಯಾಕೆ?"

ಸುಮಿತ್ರಾ ಮಾತಾಡದೆ ಒಳಗೆ ಹೋಗಿ ಅಡುಗೆಮನೆಯ ತಕ್ಕಡಿ ತಂದು, ಒಂದು ಚಕ್ಕುಲಿ ಇಟ್ಟರು. 24 ಗ್ರಾಂ.

"ಇವತ್ತಿನದು ಆಗಲೇ ಆರಾಯ್ತು" ಅಂತ ತಟ್ಟೆ ಎತ್ತಿಕೊಂಡು ಹೋದರು.